ಹಿತ್ತಲ ಕಾಡು ಕಡಿದು ಅಡಿಕೆ ಹಾಕಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಮನೆ ಹಿಂದೆ ಒಂದು ಎಕರೆಯಷ್ಟು ಹಿತ್ತಲಿದೆ. ಹಲಸು, ಮಾವು, ಮುರುಗಲು (ಕೋಕಂ), ಅದೇ ಜಾತಿಯ ಹುಳಿ ಹಣ್ಣಿನ ಉಪ್ಪಾಗೆ, ಎರಡು ಬೀಟೆ (ರೋಸ್‌ವುಡ್) ಮರ ಇವೆ. ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಎಲ್ಲ ಬೋಳಿಸಿ ಅಡಿಕೆ ಇಡಿ ಅಂತ ನೆಂಟರು ಹೇಳುತ್ತಿದ್ದಾರೆ. ಮರ ಉಳಿಸಿಕೊಂಡೇ ಮನೆ ಖರ್ಚಿಗೆ ಆಗುವಷ್ಟು ದುಡ್ಡು ಬರುತ್ತಾ?

ಶಿರಸಿ ಕಡೆಯಿಂದ:
ಬರುತ್ತೆ. ಆದರೆ ಅಡಿಕೆ ಹಾಗೆ ಒಂದೇ ಸಲ ದೊಡ್ಡ ಗಂಟು ಸಿಗುವುದಿಲ್ಲ. ಚಳಿ ಮುಗಿಯುವಾಗ ಕಾಳುಮೆಣಸು, ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿ). ಏಪ್ರಿಲ್-ಮೇನಲ್ಲಿ ಮುರುಗಲು, ಹಲಸಿನ ಹಪ್ಪಳ. ಮಳೆ ಹಿಡಿದ ಮೇಲೆ ಉಪ್ಪಾಗೆ. ಆಯಾ ತಿಂಗಳಲ್ಲಿ ಕೆಲಸ ಮಾಡುವ ಕೈ ಮನೆಯಲ್ಲಿದೆಯಾ ಅನ್ನೋದೇ ಮುಖ್ಯ.

ಮುರುಗಲು ಸಿಪ್ಪೆ ಬಿಸಿಲಿಗೆ ಒಣಗುತ್ತೆ, ಮಳೆ ಬಿತ್ತು ಅಂದ್ರೆ ಹಣ್ಣು ಕೊಳೆಯುತ್ತೆ. ಉಪ್ಪಾಗೆ ಹಣ್ಣಾಗುವುದೇ ಜಡಿಮಳೆಯಲ್ಲಿ. ಬೆಂಕಿ ಮಾಡಿ ಒಣಗಿಸಬೇಕು, ಸೌದೆ ಸಿಕ್ಕಾಪಟ್ಟೆ ಬೇಕು. ವಯಸ್ಸಾದ ಇಬ್ಬರಿಗೆ ಅದು ಆಗದ ಕೆಲಸ. ಅಕ್ಕಪಕ್ಕದಲ್ಲಿ ಯಾರಾದರೂ ಡ್ರೈಯರ್ ಇಟ್ಟಿದ್ದರೆ ಹಸಿ ಹಣ್ಣನ್ನೇ ಕೊಟ್ಟುಬಿಡಿ. ದರ ಕಮ್ಮಿ, ತಲೆನೋವೂ ಕಮ್ಮಿ.

ಹೊಸ ಗಿಡ ಇಡುವುದಾದರೆ ಕಸಿ ಗಿಡವೇ ತನ್ನಿ. ಮುರುಗಲು, ಉಪ್ಪಾಗೆ, ಜಾಯಿಕಾಯಿ ಮೂರರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಗಿಡವನ್ನು ಏಳೆಂಟು ವರ್ಷ ಸಾಕಿದ ಮೇಲೆ ಅದು ಗಂಡು ಅಂತ ಗೊತ್ತಾದರೆ ಏನು ಮಾಡ್ತೀರಿ? ಹಾಗಂತ ಈಗಿರುವ ಗಂಡು ಮರ ಎಲ್ಲ ಕಡಿಯಬೇಡಿ. ಕಾಯಿ ಕಚ್ಚಬೇಕಾದರೆ ಒಂದೆರಡು ಇರಲೇಬೇಕು.

ಇನ್ನೊಂದು, ಕೈಗೆ ಬಾರದ ಆದಾಯವನ್ನೂ ಲೆಕ್ಕ ಹಾಕಿ. ಸೌದೆ, ಹಸಿಸೊಪ್ಪು, ದರಕು (ಉದುರಿದ ಒಣ ಎಲೆ), ಗೊಬ್ಬರ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ (ಸೊಪ್ಪು, ದರಕು ತರುವ ಕಾಡು) ಬಿಟ್ಟುಕೊಟ್ಟಿದ್ದು ಸುಮ್ನೆ ಅಲ್ಲ. ಮರ ತೆಗೆದು ತೋಟ ಮಾಡಿದವರು ಈಗ ಗೊಬ್ಬರವನ್ನು ಲಾರಿಯಲ್ಲಿ ತರಿಸುತ್ತಾರೆ. ಆ ಖರ್ಚನ್ನು ನೆಂಟರು ಹೇಳಿರಲಿಕ್ಕಿಲ್ಲ.

ತೀರ್ಥಹಳ್ಳಿಯಿಂದ:
ಮೇಲಿನವರು ಮಂಗನ ವಿಷಯ ಬಿಟ್ಟರು! ನಮ್ಮಲ್ಲಿ ಮನುಷ್ಯರಿಗೆ ಸಿಗುವುದು ಮಂಗ ತಿಂದು ಬಿಟ್ಟ ಹಲಸು. ಹಣ್ಣಿನ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಇರುವ ಮರಗಳಿಗೇ ಕಾಳುಮೆಣಸಿನ ಬಳ್ಳಿ ಹಬ್ಬಿಸಿ. ಮೂರ್ನಾಲ್ಕು ವರ್ಷಕ್ಕೆ ಕೈಗೆ ಬರುತ್ತೆ, ಒಣಗಿಸಿ ಚೀಲ ಕಟ್ಟಿಟ್ಟರೆ ದರ ಬರುವವರೆಗೆ ಕಾಯಬಹುದು. ನೆರಳು ಜಾಸ್ತಿಯಾದರೆ ಕರೆ (ಮೆಣಸಿನ ತೆನೆ) ಕಟ್ಟುವುದಿಲ್ಲ, ಕೊಂಬೆ ಸವರಿ. ಮಳೆಗೆ ಮುಂಚೆ ಬೋರ್ಡೋ (ಸುಣ್ಣ, ಮೈಲುತುತ್ತದ ದ್ರಾವಣ) ಹೊಡೆಯದಿದ್ದರೆ ಸೊರಗು ರೋಗಕ್ಕೆ ಬಳ್ಳಿ ಹೋಗುತ್ತೆ. ಮರ ಹತ್ತುವವರು ಸಿಗುವುದಿಲ್ಲ, ಹಾಗಾಗಿ ಬಳ್ಳಿಯನ್ನು ಏಣಿಗೆ ಎಟುಕುವಷ್ಟೇ ಬಿಡಿ.

ಅಡಿಕೆಗೆ ಎಲೆಚುಕ್ಕೆ ರೋಗ ಬಂದಿರುವುದು ನಿಮಗೂ ಗೊತ್ತಲ್ವಾ? ಇಂಥ ಹೊತ್ತಲ್ಲಿ ಇರುವ ಮರ ಕಡಿದು ಅಡಿಕೆ ಇಡುವ ಧೈರ್ಯ ನನಗಂತೂ ಇಲ್ಲ.

ಗುಬ್ಬಿ ಕಡೆಯಿಂದ:
ಹಲಸನ್ನು ಅಷ್ಟು ಬೇಗ ಕೈ ಬಿಡಬೇಡಿ. ನಮ್ಮ ತುಮಕೂರು ಜಿಲ್ಲೆಯ ಸಿದ್ದು ಹಲಸು ಹುಟ್ಟಿದ್ದು ರೈತರೊಬ್ಬರ ಜಮೀನಿನ ಒಂದೇ ಮರದಿಂದ. ಹಣ್ಣು ಎರಡು-ಮೂರು ಕೆಜಿ ಅಷ್ಟೇ, ತೊಳೆ ತಾಮ್ರಗೆಂಪು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಹಿರೇಹಳ್ಳಿ ಕೇಂದ್ರ ಗುರುತಿಸಿದ ಮೇಲೆ ಆ ಮನೆಯವರಿಗೆ ಹಣ್ಣಿಗಿಂತ ಕಸಿ ಗಿಡದಿಂದಲೇ ಒಳ್ಳೆ ದುಡ್ಡು ಬಂತು. ನಿಮ್ಮ ಮರದ ಹಣ್ಣನ್ನು ಒಮ್ಮೆ ಸರಿಯಾಗಿ ತಿಂದು ನೋಡಿ.

ಮೂಡಿಗೆರೆಯಿಂದ:
ಉಳಿದದ್ದನ್ನು ಕಡಿಯಿರಿ, ಬಿಡಿ, ಆ ಬೀಟೆಗೆ ಕೈ ಹಾಕುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿ. ಸ್ವಂತ ಜಾಗದ ಮರಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಸಿಲ್ವರ್ ಓಕ್‌ನಂಥ ಕೆಲವು ಜಾತಿಗೆ ಮಾತ್ರ ವಿನಾಯಿತಿ. ಖಾಲಿ ಜಾಗ ಇದ್ದರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನೂ ವಿಚಾರಿಸಿ. ಇಲಾಖೆಯ ನರ್ಸರಿಯಲ್ಲಿ ಕಮ್ಮಿ ಬೆಲೆಗೆ ಸಸಿ ಕೊಡುತ್ತಾರೆ, ಬದುಕಿದ ಗಿಡಕ್ಕೆ ಮೂರು ವರ್ಷ ಕಂತಿನಲ್ಲಿ ಪ್ರೋತ್ಸಾಹಧನವೂ ಇದೆ. ಪಹಣಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಹೋಗಿ, ಸಸಿ ತರುವ ಮೊದಲೇ ಹೆಸರು ಬರೆಸಿ.