ಎಂ.ಎಡ್. ಮಾಡಲಾ, ಎಂ.ಎ. ಎಜುಕೇಶನ್ ಮಾಡಲಾ? ಓದಿದವರು ಹೇಳಿ

ಕೇಳಿದವರು: ತಿಪಟೂರಿನ ಹೈಸ್ಕೂಲ್ ಮೇಡಂ

ನಮಸ್ಕಾರ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಐದು ವರ್ಷದಿಂದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಮುಂದೆ ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡಬೇಕು ಅಂತ ಆಸೆ. ಬಿ.ಎಡ್. ಆದವರು ಮುಂದೆ ಓದುವ ಎಂ.ಎಡ್. ಸೇರಲಾ, ಶಿಕ್ಷಣವನ್ನೇ ವಿಷಯವಾಗಿ ಓದುವ ಎಂ.ಎ. ಎಜುಕೇಶನ್ ಸೇರಲಾ? ಎರಡು ವರ್ಷ ಸಂಬಳ ಬಿಟ್ಟು ಓದುವಷ್ಟು ಅದರಲ್ಲಿ ಏನಾದರೂ ಇದೆಯಾ? "ಮತ್ತೆ ಓದ್ತೀಯಾ?" ಅಂತ ಅಮ್ಮ ಈಗಾಗಲೇ ಮುಖ ಸಿಂಡರಿಸಿದ್ದಾರೆ. ಪ್ರಾಸ್ಪೆಕ್ಟಸ್‌ನಲ್ಲಿ ಇರುವುದನ್ನು ಹೇಳಬೇಡಿ, ಅದನ್ನೆಲ್ಲ ಓದಿ ಆಗಿದೆ. ಕ್ಲಾಸಿನೊಳಗೆ ನಿಜವಾಗಿ ಏನು ನಡೆಯುತ್ತದೆ ಅಂತ ಹೇಳಿ.

ಮೈಸೂರಿನಲ್ಲಿ ಎಂ.ಎಡ್. ಓದಿದವರು

ಕ್ಲಾಸಿನ ಕಥೆ ಆಮೇಲೆ ಹೇಳುತ್ತೇನೆ. ನೀವು ಬಿ.ಎಸ್ಸಿ., ಬಿ.ಎಡ್. ಅಂದಿರಿ, ಎಂ.ಎಸ್ಸಿ. ಮಾತೇ ಎತ್ತಲಿಲ್ಲ. ಅಲ್ಲೇ ಒಂದು ಗುಂಡಿ ಇದೆ, ನೋಡಿಕೊಳ್ಳಿ.

ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡಲು ಬರೀ ಎಂ.ಎಡ್. ಸಾಲದು. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ಕೇಂದ್ರದ ಮಂಡಳಿ ಎನ್‌ಸಿಟಿಇಯ 2014ರ ನಿಯಮದ ಪ್ರಕಾರ, ವಿಜ್ಞಾನ ಬೋಧನಾ ವಿಧಾನ ಹೇಳಿಕೊಡಬೇಕಾದರೆ ಆ ವಿಷಯದಲ್ಲಿ ಸ್ನಾತಕೋತ್ತರ ಪದವಿಯೂ ಬೇಕು, ಎಂ.ಎಡ್. ಕೂಡ ಬೇಕು. ಎರಡರಲ್ಲೂ 55% ಅಂಕ ಇರಬೇಕು. ನಮ್ಮ ಬ್ಯಾಚಿನಲ್ಲಿ ಮೂವರಿಗೆ ಇದು ಗೊತ್ತಾಗಿದ್ದು ಎರಡನೇ ವರ್ಷದಲ್ಲಿ. ಒಬ್ಬಳು ಎಂ.ಎಡ್. ಮುಗಿಸಿ ಮತ್ತೆ ಎಂ.ಎಸ್ಸಿ. ಸೇರಿದಳು, ಪಾಪ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಬಾಗಿಲಿದೆ. ಶಿಕ್ಷಣದ ತತ್ತ್ವಶಾಸ್ತ್ರ, ಸಮಾಜಶಾಸ್ತ್ರದಂಥ ತಳಹದಿಯ ಪೇಪರುಗಳನ್ನು ಪಾಠ ಮಾಡಲು ಎಂ.ಎ. ಎಜುಕೇಶನ್ ಜೊತೆ ಬಿ.ಎಡ್. ಇದ್ದರೂ ನಡೆಯುತ್ತದೆ, ಅಲ್ಲೂ ಎರಡಕ್ಕೂ 55%. ನಿಮ್ಮ ಲೆಕ್ಕಕ್ಕೆ ಇದೇ ಹತ್ತಿರದ ದಾರಿ ಅನಿಸುತ್ತದೆ. ಒಂದು ಮಾತು, 2025ರಲ್ಲಿ ಎನ್‌ಸಿಟಿಇ ಹೊಸ ಕರಡು ನಿಯಮ ಹೊರಡಿಸಿತು. ಒಂದು ವರ್ಷದ ಎಂ.ಎಡ್. ಪ್ರಸ್ತಾಪ ಕೂಡ ಅದರಲ್ಲಿದೆ. ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆಯೋ ಅದನ್ನು ನೀವೇ ಕೂತು ಓದಿ. ಸೀನಿಯರ್ ಹೇಳಿದ್ದು, ನಾನು ಹೇಳಿದ್ದು ಎರಡನ್ನೂ ನಂಬಬೇಡಿ.

ಈಗ ಕ್ಲಾಸಿನ ವಿಷಯ. ನಾನು ಓದಿದ್ದು ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ. ಎನ್‌ಸಿಇಆರ್‌ಟಿ ನಡೆಸುವುದು, 1963ರಿಂದ ಇದೆ. ಮೈಸೂರಿನ ಹಳಬರಿಗೆ ಅದು ಇವತ್ತಿಗೂ ರೀಜನಲ್ ಕಾಲೇಜು. ದಕ್ಷಿಣದ ಎಲ್ಲ ರಾಜ್ಯಗಳಿಂದ ಮಕ್ಕಳು ಬರುತ್ತಾರೆ, ಪುದುಚೇರಿ, ಲಕ್ಷದ್ವೀಪದಿಂದಲೂ ಬರುತ್ತಾರೆ. ಅಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಆ ಜೊತೆಗಾರರಿಂದಲೇ.

ಒಂದು ದಿನ ಮಾತೃಭಾಷೆಯ ಶಿಕ್ಷಣದ ಬಗ್ಗೆ ಚರ್ಚೆ ನಡೆದಿತ್ತು. ನಾನು ಎದ್ದು ನಿಂತು ಕನ್ನಡದ ಪರವಾಗಿ ಜೋರಾಗಿ ಮಾತಾಡಿದೆ, ಚಪ್ಪಾಳೆಯೂ ಬಿತ್ತು. ಲಕ್ಷದ್ವೀಪದ ಮಿನಿಕಾಯ್‌ನಿಂದ ಬಂದಿದ್ದ ಒಬ್ಬ ಹುಡುಗ ಮೆಲ್ಲಗೆ ಕೇಳಿದ: "ನಮ್ಮ ಮನೆಮಾತು ಮಹಲ್. ಶಾಲೆಯಲ್ಲಿ ಮಲಯಾಳಂ, ಇಂಗ್ಲಿಷ್. ನೀವು ಹೇಳಿದ ನಿಯಮದಲ್ಲಿ ನಾನು ಎಲ್ಲಿ ಕೂರಲಿ?" ನನ್ನ ಬಾಯಿ ಕಟ್ಟಿತು. ರಾತ್ರಿ ಹಾಸ್ಟೆಲ್‌ನಲ್ಲಿ ಮಲಗಿದಾಗ ಹೊಳೆಯಿತು, ನನ್ನ ಮನೆಮಾತೂ ಕನ್ನಡ ಅಲ್ಲ, ತುಳು. ಒಂದನೇ ಕ್ಲಾಸಿನಲ್ಲಿ ಟೀಚರ್ ಹೇಳಿದ್ದು ಅರ್ಥವಾಗದೆ ಕೂತಿದ್ದನ್ನು ಪೂರ್ತಿ ಮರೆತೇಬಿಟ್ಟಿದ್ದೆ. ಆ ಪೇಪರಿಗೆ ನನಗೆ ಎಷ್ಟು ಅಂಕ ಬಂತು ಅಂತ ಈಗ ನೆನಪಿಲ್ಲ. ಆ ಪ್ರಶ್ನೆ ಮಾತ್ರ ನೆನಪಿದೆ.

ಕಷ್ಟ ಅಂದರೆ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ. ಟಿ ಟೆಸ್ಟ್, ಕೈ ಸ್ಕ್ವೇರ್, ಅನೋವಾ ಅಂತ ಲೆಕ್ಕಗಳು ಶುರುವಾದಾಗ ಹಿಸ್ಟರಿ ಓದಿ ಬಂದವರು ಕಣ್ಣೀರು ಹಾಕಿದರು. ನೀವು ವಿಜ್ಞಾನದವರು, ಬಚಾವ್. ಡಿಸರ್ಟೇಶನ್, ಅಂದರೆ ಸಂಶೋಧನಾ ಪ್ರಬಂಧ, ಎಲ್ಲರನ್ನೂ ಸುಸ್ತು ಮಾಡಿತು. ನಾನು ಮೊದಲು ಕೊಟ್ಟ ಶೀರ್ಷಿಕೆಯಲ್ಲಿ "ಕರ್ನಾಟಕದ ಪ್ರೌಢಶಾಲಾ ವಿದ್ಯಾರ್ಥಿಗಳು" ಅಂತ ಇತ್ತು. ಗೈಡ್ ಅದನ್ನು ಮೈಸೂರು ಜಿಲ್ಲೆಗೆ ಇಳಿಸಿದರು. ಮುಂದಿನ ವಾರ ನಂಜನಗೂಡು ತಾಲ್ಲೂಕಾಯಿತು. ಕೊನೆಗೆ ಉಳಿದದ್ದು ನಾಲ್ಕು ಶಾಲೆ. ಆ ನಾಲ್ಕಕ್ಕೆ ಬಸ್ಸಿನಲ್ಲಿ ಓಡಾಡುವುದರಲ್ಲೇ ನನ್ನ ಚಪ್ಪಲಿ ಸವೆದಿತ್ತು. ವಿಷಯ ಆರಿಸುವಾಗ ಬಸ್ ಟೈಮಿಂಗ್ ನೋಡಿ. ತಮಾಷೆಗೆ ಹೇಳುತ್ತಿಲ್ಲ.

ಇಂಟರ್ನ್‌ಶಿಪ್ ಶಾಲೆಯಲ್ಲಿ ಅಲ್ಲ, ಶಿಕ್ಷಕರನ್ನು ತಯಾರು ಮಾಡುವ ಕಡೆ. ನನ್ನನ್ನು ಮೈಸೂರಿನ ವಸಂತ ಮಹಲ್‌ನ ಡಯಟ್‌ಗೆ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ ಹಾಕಿದ್ದರು. ಇಪ್ಪತ್ತು ವರ್ಷದ ಹುಡುಗಿ ತನ್ನ ಮೊದಲ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು, ಆಮೇಲೆ ತಪ್ಪು ಹೇಳಬೇಕು, ಅವಳ ಉತ್ಸಾಹ ಸಾಯದ ಹಾಗೆ ಹೇಳಬೇಕು. ನಿಮಗೆ ಬೇಕಾಗಿರುವ ಕೆಲಸ ಅದೇ ಅಲ್ವಾ? ಅದು ಇಷ್ಟವಾಗುತ್ತದೋ ಇಲ್ಲವೋ ಅಂತ ಸೇರುವ ಮೊದಲೇ ಒಮ್ಮೆ ನೋಡಿ. ನಿಮ್ಮ ಶಾಲೆಗೆ ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಬರುತ್ತಾರಲ್ಲ, ಅವರ ಲೆಸನ್ ಪ್ಲಾನ್ ನೋಡಿಕೊಡುತ್ತೇನೆ ಅಂತ ನೀವೇ ಮುಂದೆ ಹೋಗಿ.

ಹೆಸರು ಬೇಡ ಅಂದವರು

ನನ್ನದು ಬೇರೆ ಥರದ ಎಂ.ಎಡ್. ಸೇರುವಾಗಲೇ ಆಫೀಸಿನಲ್ಲಿ "ಅಟೆಂಡೆನ್ಸ್ ಚಿಂತೆ ಬೇಡ, ನಾವು ನೋಡ್ಕೊಳ್ತೀವಿ" ಅಂದರು. ನಾನೂ ಖುಷಿಯಾಗಿ ಕೆಲಸ ಬಿಡದೆ ಸೇರಿದೆ. ಎರಡು ವರ್ಷದಲ್ಲಿ ಕ್ಲಾಸಿಗೆ ಹೋದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಡಿಸರ್ಟೇಶನ್ ಹೇಗೆ ತಯಾರಾಯಿತು ಅಂತ ಕೇಳಬೇಡಿ, ಜೆರಾಕ್ಸ್ ಅಂಗಡಿಯವನಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ತಪ್ಪು ಕಾಲೇಜಿನದು ಮಾತ್ರ ಅಲ್ಲ, ನನ್ನದೂ ಇದೆ.

ಪೆಟ್ಟು ಬಿದ್ದದ್ದು ನೆಟ್‌ನಲ್ಲಿ, ಅಂದರೆ ಕಾಲೇಜು ಲೆಕ್ಚರರ್ ಆಗಲು ಬರೆಯುವ ಅರ್ಹತಾ ಪರೀಕ್ಷೆಯಲ್ಲಿ. ಮೂರು ಗಂಟೆ, 150 ಪ್ರಶ್ನೆ, ಅದರಲ್ಲಿ 100 ನಮ್ಮ ವಿಷಯದ್ದೇ. ಓದಿದ ಡಿಗ್ರಿಯ ಪ್ರಶ್ನೆಗಳು ಹೊಸದಾಗಿ ಕಾಣುವುದು ಎಂಥ ಅವಮಾನ ಗೊತ್ತಾ? ಆಮೇಲೆ ಒಂದೂವರೆ ವರ್ಷ ಮನೆಯಲ್ಲಿ ಕೂತು ಎಂ.ಎಡ್. ಸಿಲೆಬಸ್ಸನ್ನೇ ಮೊದಲಿನಿಂದ ಓದಿ ಪಾಸಾದೆ. ಕಾಲೇಜು ನೋಡಲು ಹೋದರೆ ಪ್ರಿನ್ಸಿಪಾಲರನ್ನು ಬಿಡಿ, ಕ್ಯಾಂಟೀನಿನಲ್ಲಿ ಎರಡನೇ ವರ್ಷದವರನ್ನು ಹಿಡಿದು ಕೇಳಿ, ಗೈಡ್ ತಿಂಗಳಿಗೆ ಎಷ್ಟು ಸಲ ಸಿಗುತ್ತಾರೆ ಅಂತ. ಅವರು ನಕ್ಕರೆ ಅಲ್ಲಿಂದ ಹೊರಡಿ.

ಸರ್ಜಾಪುರದಲ್ಲಿ ಎಂ.ಎ. ಎಜುಕೇಶನ್ ಓದಿದವರು

ನಾನು ಲಿಂಗಸುಗೂರು ಕಡೆಯವನು. ಬಿ.ಎ. ತನಕ ಕನ್ನಡ ಮೀಡಿಯಂ, ಬಿ.ಎಡ್. ಮಾಡಿಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂ.ಎ.ಗೆ ಬಿ.ಎಡ್. ಕೇಳುವುದಿಲ್ಲ. ಮನೆಯ ಆದಾಯ ನೋಡಿ ಫೀಸು, ಹಾಸ್ಟೆಲ್ ಖರ್ಚಿನಲ್ಲಿ ಸಹಾಯ ಮಾಡುತ್ತಾರೆ. ಅದಿಲ್ಲದಿದ್ದರೆ ನಾನು ಆ ಗೇಟೂ ದಾಟುತ್ತಿರಲಿಲ್ಲ.

ಮೊದಲ ಸೆಮಿಸ್ಟರ್ ನರಕ. ಪ್ರತಿ ಕ್ಲಾಸಿಗೂ ಮೊದಲೇ ಓದಿಕೊಂಡು ಹೋಗಬೇಕು, ಎಲ್ಲ ಇಂಗ್ಲಿಷ್. ದೆಹಲಿ ಕಡೆಯ ಕಾಲೇಜಿನವರು ಡ್ಯೂಯಿ, ಫ್ರೇರಿ ಅಂತ ಶಿಕ್ಷಣ ಚಿಂತಕರ ಹೆಸರನ್ನು ಪಕ್ಕದ ಮನೆಯವರ ಹೆಸರಿನ ಹಾಗೆ ಹೇಳುತ್ತಿದ್ದರು. ನಾನು ಒಂದು ಪುಟಕ್ಕೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದೆ. ಬ್ಯಾಗು ಕಟ್ಟಿಕೊಂಡು ಊರಿಗೆ ಹೊರಟಿದ್ದೂ ಉಂಟು. ಮೆಜೆಸ್ಟಿಕ್‌ನಿಂದ ವಾಪಸ್ ಬಂದೆ.

ಉಳಿಸಿದ್ದು ಎರಡು. ಒಂದು, ಅದೇ ವಿಶ್ವವಿದ್ಯಾಲಯದ "ಅನುವಾದ ಸಂಪದ". ಶಿಕ್ಷಣದ ಬರಹಗಳ ಕನ್ನಡ ಅನುವಾದ ಆನ್‌ಲೈನ್‌ನಲ್ಲೇ ಸಿಗುತ್ತದೆ. ನೀವು ಎಲ್ಲಿ ಸೇರಿದರೂ ಇದನ್ನು ಈಗಿನಿಂದಲೇ ಓದಲು ಶುರುಮಾಡಿ. ಕನ್ನಡದಲ್ಲಿ ಒಮ್ಮೆ ವಿಷಯ ಹಿಡಿದರೆ ಇಂಗ್ಲಿಷ್ ಓದುವಾಗ ಅಷ್ಟು ಹೆದರಿಕೆಯಾಗುವುದಿಲ್ಲ.

ಎರಡನೆಯದು ಫೀಲ್ಡ್. ಹೆಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿಕಲಿ ನಿಮಗೆ ಗೊತ್ತೇ ಇದೆ, ಬೇರೆ ಬೇರೆ ಕ್ಲಾಸಿನ ಚಿಕ್ಕ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ಪದ್ಧತಿ. ಒಂದು ಹಳ್ಳಿ ಶಾಲೆಯ ನಲಿಕಲಿ ಕೋಣೆಯಲ್ಲಿ ನಾಲ್ಕು ದಿನ ಕೂತಿದ್ದೆ. ಹಿಂದಿನ ವಾರವಷ್ಟೇ ಕ್ಲಾಸಿನಲ್ಲಿ ವೈಗಾಟ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞನ ಪಾಠ ಆಗಿತ್ತು. ಮಗು ಒಂಟಿಯಾಗಿ ಮಾಡಲಾಗದ್ದನ್ನು ಜೊತೆಯವರ ಆಸರೆಯಿಂದ ಮಾಡುತ್ತದೆ ಅಂತ. ನನಗೆ ಅದು ಬರೀ ಮಾತಾಗಿತ್ತು. ಇಲ್ಲಿ ನೋಡಿದರೆ ಟೀಚರ್ ಮಕ್ಕಳನ್ನು ಗುಂಪು ಮಾಡಿ ಕೂರಿಸಿದ್ದಾರೆ. ಶಿಕ್ಷಕರ ಪೂರ್ಣ ಬೆಂಬಲದ ಗುಂಪು, ಆಮೇಲೆ ಗೆಳೆಯರ ಬೆಂಬಲದ ಗುಂಪು, ಕೊನೆಗೆ ಸ್ವಕಲಿಕೆ. ಮೂರನೇ ಕ್ಲಾಸಿನ ಒಬ್ಬಳು ಒಂದನೇ ಕ್ಲಾಸಿನವನ ಕೈ ಹಿಡಿದು ಅಕ್ಷರ ತೀಡಿಸುತ್ತಿದ್ದಳು. ಟೀಚರಿಗೆ ವೈಗಾಟ್ಸ್ಕಿ ಅಂದೆ. "ಯಾವೂರವರು?" ಅಂದರು. ಮಾರನೆಯ ವಾರ ಕ್ಲಾಸಿನಲ್ಲಿ ಇದನ್ನೇ ಹೇಳಿದೆ. ಅದೇ ನಾನು ಮೊದಲ ಸಲ ಬಾಯಿ ಬಿಟ್ಟಿದ್ದು, ಮುಕ್ಕಾಲು ಪಾಲು ಕನ್ನಡದಲ್ಲೇ. ದೆಹಲಿಯವರು ನೋಟ್ಸ್ ಬರೆದುಕೊಂಡರು!

ಅದಕ್ಕೇ ಹೇಳುತ್ತೇನೆ, ಐದು ವರ್ಷ ಪಾಠ ಮಾಡಿದವರ ಹತ್ತಿರ ಉದಾಹರಣೆಗಳ ಗೋದಾಮೇ ಇರುತ್ತದೆ. ನನ್ನಂಥ ಹೊಸಬರಿಗೆ ಅದಿರಲಿಲ್ಲ. ನಾನೀಗ ಒಂದು ಸಂಸ್ಥೆಯಲ್ಲಿ ಶಿಕ್ಷಕರ ತರಬೇತಿ ಮಾಡುತ್ತಿದ್ದೇನೆ. ಬಿ.ಎಡ್. ಇಲ್ಲ, ಹಾಗಾಗಿ ಸರ್ಕಾರಿ ಹೈಸ್ಕೂಲ್ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕುವ ಹಾಗಿಲ್ಲ. ನಿಮಗೆ ಆ ತೊಂದರೆ ಇಲ್ಲ.

ಗದಗದ ಸರ್ಕಾರಿ ಶಾಲೆ ಮೇಷ್ಟ್ರು

ಸುಮ್ನೆ ಕೆಲಸ ಬಿಡಬೇಡ್ರಿ. ನಾನು ಇಲಾಖೆಯ ಪೂರ್ವಾನುಮತಿ ತೆಗೆದುಕೊಂಡು ದೂರಶಿಕ್ಷಣದ ಇಗ್ನೋದಲ್ಲಿ ಎಂ.ಎ. ಎಜುಕೇಶನ್ ಮಾಡಿದೆ. ಪುಸ್ತಕ ಚೆನ್ನಾಗಿವೆ, ಖರ್ಚೂ ಕಡಿಮೆ. ಕೊರತೆ ಒಂದೇ, ಜಗಳ ಆಡಲು ಜೊತೆಗಾರರಿಲ್ಲ. ಮೇಲೆ ಮಿನಿಕಾಯ್ ಹುಡುಗನ ಕಥೆ ಓದಿ ಹೊಟ್ಟೆ ಉರಿಯಿತು. ನನಗೆ ಚರ್ಚೆಗೆ ಸಿಕ್ಕಿದ್ದು ಮನೆಯವರು ಮಾತ್ರ. ಅವರು "ಮೊದಲು ಗ್ಯಾಸ್ ಬುಕ್ ಮಾಡ್ರಿ" ಅಂದರು.

ನ್ಯೂಯಾರ್ಕಿನಿಂದ

ಕೇಳಿದ್ದು ಇದಲ್ಲ, ಗೊತ್ತು. ಆದರೂ ಯಾರಿಗಾದರೂ ಉಪಯೋಗ ಆಗಲಿ ಅಂತ. ನಾನು ಓದಿದ್ದು ಕೊಲಂಬಿಯಾದ ಟೀಚರ್ಸ್ ಕಾಲೇಜಿನಲ್ಲಿ. ಅಂಬೇಡ್ಕರ್ 1913ರಲ್ಲಿ ಓದಲು ಬಂದು ಡ್ಯೂಯಿ ಪಾಠ ಕೇಳಿದ ಕೊಲಂಬಿಯಾ ಅಂತ ಎದೆಯುಬ್ಬಿಸಿ ಹೋದೆ. ಮೊದಲ ಕ್ಲಾಸಿನಲ್ಲಿ ಪೆನ್ನು ಹಿಡಿದು ಕಾಯುತ್ತಾ ಕೂತೆ. ಎಲ್ಲರೂ ಮಾತಾಡಿದರು, ಪ್ರೊಫೆಸರ್ ಮಾತ್ರ ಸರಿ ಉತ್ತರ ಹೇಳಲೇ ಇಲ್ಲ. ಎರಡು ಗಂಟೆ ಕಳೆದರೂ ನನ್ನ ಹಾಳೆ ಖಾಲಿ. ಮಾತಾಡದಿದ್ದರೆ ಅಂಕವೂ ಹೋಗುತ್ತದೆ ಅಂತ ಆಮೇಲೆ ತಿಳಿಯಿತು. ಸ್ಕಾಲರ್‌ಶಿಪ್ ಇಲ್ಲದೆ ಸಾಲ ಮಾಡಿ ಬರಬೇಡಿ. ಟೀಚರ್ ಸಂಬಳದಲ್ಲಿ ಆ ಸಾಲ ತೀರುವುದಿಲ್ಲ. ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಫೆಲೋಶಿಪ್ ಇದೆ, ಕನಿಷ್ಠ ಮೂರು ವರ್ಷ ಕೆಲಸದ ಅನುಭವ ಕೇಳುತ್ತಾರೆ. ಊರಿಗೆ ಮರಳಿದ ಮೇಲೆ ಡಿಗ್ರಿಗೆ ತತ್ಸಮಾನ ಪ್ರಮಾಣಪತ್ರ ಮಾಡಿಸುವ ಓಡಾಟ ಬೇರೆ.

ತಿಪಟೂರಿನ ಹೈಸ್ಕೂಲ್ ಮೇಡಂ

ಎಲ್ಲರಿಗೂ ಥ್ಯಾಂಕ್ಸ್. ಎಂ.ಎಸ್ಸಿ. ಬೇಕು ಅನ್ನುವುದು ನಿಜವಾಗಲೂ ಗೊತ್ತಿರಲಿಲ್ಲ. ಮುಂದಿನ ತಿಂಗಳು ಎಂ.ಎಡ್.ಗೆ ದುಡ್ಡು ಕಟ್ಟುವವಳಿದ್ದೆ! ಇನ್ನೊಂದು ಹೇಳಬೇಕಿತ್ತು. ನನಗೆ 31, ಮೂರು ವರ್ಷದ ಮಗಳಿದ್ದಾಳೆ. ಹುಡುಗರ ಮಧ್ಯೆ ಕೂತು ಓದಕ್ಕಾಗುತ್ತಾ?

ಧಾರವಾಡದಿಂದ ಒಬ್ಬರು

ನನಗೆ 36 ಇತ್ತು. ಕ್ಲಾಸಿನಲ್ಲಿ ಎಲ್ಲರೂ ಅಕ್ಕಾ ಅನ್ನುತ್ತಿದ್ದರು, ಅಸೈನ್‌ಮೆಂಟ್ ಮಾತ್ರ ನನ್ನದನ್ನೇ ಕೇಳಿ ಇಸಿದುಕೊಳ್ಳುತ್ತಿದ್ದರು. ಓದುವುದು ಕಷ್ಟ ಆಗಲಿಲ್ಲ, ಸಂಜೆ ಕಷ್ಟ ಆಯಿತು. ಕ್ಲಾಸು ಮುಗಿದ ಮೇಲೆ ಅವರೆಲ್ಲ ಲೈಬ್ರರಿಗೆ, ನಾನು ಮನೆಗೆ. ಹಾಗಾಗಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದುತ್ತಿದ್ದೆ. ಮಗಳನ್ನು ನೋಡಿಕೊಳ್ಳಲು ಅಮ್ಮ ಒಪ್ಪುತ್ತಾರಾ? ಮುಖ ಸಿಂಡರಿಸಿದ್ದು ಬಹುಶಃ ಅದಕ್ಕೇ ಇರಬೇಕು. ಕಾಲೇಜಿಗಿಂತ ಮೊದಲು ಅವರ ಹತ್ತಿರ ಕೂತು ಮಾತಾಡಿ.

ಮೈಸೂರಿನಲ್ಲಿ ಎಂ.ಎಡ್. ಓದಿದವರು

ಒಂದು ಮರೆತೆ. ನಿಮ್ಮ ಬಿ.ಎಡ್. ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ. ನಾನು ಹೇಳಿದ ಎಂ.ಎ. ದಾರಿಯಲ್ಲಿ ಅದಕ್ಕೂ 55% ಬೇಕು. ಎಷ್ಟಿದೆ?

ತಿಪಟೂರಿನ ಹೈಸ್ಕೂಲ್ ಮೇಡಂ

ಬೀರುವಿನಲ್ಲಿ ಹುಡುಕಿದೆ. 71. ಅಮ್ಮನಿಗೂ ತೋರಿಸಿದೆ. "ಇಷ್ಟು ಬಂದಿತ್ತು ಅಂತ ಹೇಳಲೇ ಇಲ್ವಲ್ಲೇ" ಅಂದರು.