ಝ್ಯಾಕ್ ಈಡಿ ಎನ್‌ಬಿಎಯಲ್ಲಿ ನಿಲ್ತಾನಾ? ನಿಜ ಹೇಳಿ

ಪರ್ಡ್ಯೂ ಪರದೇಶಿ (ಜೂನ್ 2024)

ಮೊನ್ನೆ ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ತಂಡಗಳು ಹೊಸಬರನ್ನ ಸರದಿಯಲ್ಲಿ ಆರಿಸ್ಕೊಳ್ಳೋ ಡ್ರಾಫ್ಟ್‌ನಲ್ಲಿ ಮೆಂಫಿಸ್ ತಂಡದವರು ನಮ್ಮ ಕಾಲೇಜಿನ ಈಡಿಯನ್ನ 9ನೇ ಆಯ್ಕೆಯಾಗಿ ತಗೊಂಡ್ರು. ಆಗಿನಿಂದ ವಾಟ್ಸಾಪ್ ಗುಂಪಲ್ಲಿ ಇದೇ ಜಗಳ.

ನಾನು ದಾವಣಗೆರೆಯೋನು. ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಗೆ ಎಂ.ಎಸ್. ಮಾಡಕ್ಕೆ ಬರೋವರೆಗೂ ಬ್ಯಾಸ್ಕೆಟ್‌ಬಾಲ್ ಅಂದ್ರೆ ಹೈಸ್ಕೂಲ್ ಮೈದಾನದ ತುಕ್ಕು ಹಿಡಿದ ಕಂಬ, ಅಷ್ಟೇ ಗೊತ್ತಿದ್ದಿದ್ದು. ಮೊದಲನೇ ಚಳಿಗಾಲದಲ್ಲಿ ರೂಮ್‌ಮೇಟ್ ಮ್ಯಾಕಿ ಅರೀನಾಕ್ಕೆ ಎಳ್ಕೊಂಡು ಹೋದ. ಈಡಿಯ 7 ಅಡಿ 4 ಇಂಚು ಅಂದ್ರೆ ಏನು ಅಂತ ಟಿವಿಯಲ್ಲಿ ತಿಳಿಯಲ್ಲ. ನಮ್ಮಜ್ಜಿ ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ ಇಡ್ತಿದ್ಲಲ್ಲ, ಹಂಗೆ ಚೆಂಡನ್ನ ಬುಟ್ಟಿಗೆ ಇಡ್ತಾನೆ ಪುಣ್ಯಾತ್ಮ.

2023, 2024 ಎರಡೂ ವರ್ಷ ದೇಶದ ಶ್ರೇಷ್ಠ ಕಾಲೇಜು ಆಟಗಾರ. ಎಂಬತ್ತರ ದಶಕದ ರಾಲ್ಫ್ ಸ್ಯಾಂಪ್ಸನ್ ಆದ್ಮೇಲೆ ಆ ಪ್ರಶಸ್ತಿನ ಸತತವಾಗಿ ಯಾರೂ ಗೆದ್ದಿರಲಿಲ್ಲ. ಈ ಸೀಸನ್ನಲ್ಲಿ ಪಂದ್ಯಕ್ಕೆ 25.2 ಪಾಯಿಂಟ್.

ಆದ್ರೂ ಭಯ. ಕಾಲೇಜಲ್ಲಿ ಬುಟ್ಟಿ ಕೆಳಗೆ ಬೇಕಾದಷ್ಟು ಹೊತ್ತು ನಿಂತು ಎದುರಾಳಿಯನ್ನ ತಡೀಬಹುದು. ಎನ್‌ಬಿಎಯಲ್ಲಿ ಎದುರಾಳಿ ಯಾರನ್ನೂ ತಡೆಯದೆ ಪೇಂಟ್ (ಬುಟ್ಟಿ ಮುಂದಿನ ಬಣ್ಣದ ಜಾಗ) ಒಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಂತ್ರೆ ದಂಡ. ಮೂರು ಪಾಯಿಂಟಿನ ಗೆರೆ ಬೇರೆ ಒಂದೂವರೆ ಅಡಿ ಹಿಂದೆ, 23 ಅಡಿ 9 ಇಂಚಿಗೆ. ಅಲ್ಲಿವರೆಗೂ ಇವನನ್ನ ಎಳೆದು ಓಡಿಸಿದ್ರೆ?

ಮಲ್ಲೇಶ್ವರದ ಸೆಂಟರ್

ಬೇಜಾರಾಗ್ಬೇಡ ತಮ್ಮಾ, ನಿಲ್ಲಲ್ಲ.

ನಾನೂ ಈಡಿ ಥರ ಸೆಂಟರ್ (ಬುಟ್ಟಿ ಹತ್ತಿರ ಆಡೋ ಎತ್ತರದೋನು) ಆಡಿದೋನೇ, 6 ಅಡಿ 3 ಇಂಚು. ಕಾಲೇಜಲ್ಲಿ ರಾಜ. ರಾಜ್ಯ ಕ್ಯಾಂಪಿಗೆ ಹೋದ್ರೆ ಚೆಂಡು ಆಡಿಸ್ಕೊಂಡು ಹೋಗೋ ಗಾರ್ಡ್‌ಗಳೇ ನನ್ನೆತ್ತರ! ಎರಡನೇ ದಿನವೇ ಕೋಚ್ ನೀರಿನ ಬಾಟಲಿ ಹೊರೋಕೆ ಹಚ್ಚಿದ್ರು.

ಲೂಕಾ ಗಾರ್ಜಾ 2021ರ ಶ್ರೇಷ್ಠ ಆಟಗಾರ, 52ನೇ ಆಯ್ಕೆ. 2022ರ ಆಸ್ಕರ್ ಶೀಬ್ವೇಯನ್ನ ಡ್ರಾಫ್ಟ್‌ನಲ್ಲಿ ಯಾರೂ ಕೇಳಲೇ ಇಲ್ಲ. ಪರ್ಡ್ಯೂನಲ್ಲಿ ಬುಟ್ಟಿ ಹತ್ತಿರ ಈಡಿಗೆ ಚೆಂಡು ಕೊಟ್ಟು, ಅವನು ಬೆನ್ನಲ್ಲೇ ತಳ್ಕೊಂಡು ಹೋಗೋವರೆಗೂ ಕಾಯ್ತಿದ್ರು, ಬುಟ್ಟಿಗೆ ಎಸೆಯೋಕೆ 30 ಸೆಕೆಂಡ್ ಇತ್ತು. ಎನ್‌ಬಿಎಯಲ್ಲಿ 24. ಯಾರು ಕಾಯ್ತಾರೆ?

ಟೊರೊಂಟೊ ತರಲೆ

ಸಾರ್, ಗಾರ್ಜಾ 6 ಅಡಿ 10. ಆನೆಗೂ ಎಮ್ಮೆಗೂ ಹೋಲಿಸ್ತೀರಲ್ಲ.

ಪಾಯಿಂಟ್ ಎಷ್ಟು ಹೊಡಿತಾನೆ ಅನ್ನೋದನ್ನ ಬಿಡಿ. ಮೆಂಫಿಸ್‌ಗೆ ಬೇಕಿರೋದು ಅವರ ಹಳೇ ಸೆಂಟರ್ ಸ್ಟೀವನ್ ಆಡಮ್ಸ್ ಮಾಡ್ತಿದ್ದ ಕೆಲಸ. ಮಂಡಿ ಗಾಯದಿಂದ ಆತ ಇಡೀ ಸೀಸನ್ ಆಡಲಿಲ್ಲ, ಫೆಬ್ರವರಿಯಲ್ಲಿ ಹ್ಯೂಸ್ಟನ್‌ಗೆ ಕೊಟ್ಟೂಬಿಟ್ರು. ಗೋಡೆ ಥರ ಎದುರಾಳಿಗೆ ಅಡ್ಡ ನಿಂತು (ಇದಕ್ಕೇ ಸ್ಕ್ರೀನ್ ಅನ್ನೋದು) ತಂಡದ ಗಾರ್ಡ್ ಜಾ ಮೊರಾಂಟ್‌ಗೆ ದಾರಿ ಮಾಡಿಕೊಡೋದು, ತಪ್ಪಿದ ಚೆಂಡನ್ನ ಬಾಚ್ಕೊಳ್ಳೋದು. ಇದಕ್ಕೆ ಈಡಿಗೆ ಯಾರೂ ಚೆಂಡು ಕೊಡಬೇಕಿಲ್ಲ. ನಮ್ಮೂರ ಹುಡುಗ, ಹೈಸ್ಕೂಲಿನವರೆಗೂ ಐಸ್ ಹಾಕಿ, ಬೇಸ್‌ಬಾಲ್ ಆಡ್ಕೊಂಡಿದ್ದೋನು. ಇನ್ನೂ ಕಲಿಯೋದಿದೆ ಅವನಿಗೆ.

ಪರ್ಡ್ಯೂ ಪರದೇಶಿ

ತರಲೆಯವರ ಮಾತು ಹಿಡಿಸ್ತು. ಏಪ್ರಿಲ್‌ನ ಕಾಲೇಜು ಫೈನಲ್ ನೆನಪಾಯ್ತು (ಆ ರಾತ್ರಿ ರೂಮಲ್ಲಿ ಅನ್ನಕ್ಕೆ ಇಟ್ಟಿದ್ದು ತಳ ಹಿಡಿದು, ಕುಕ್ಕರ್ ಇವತ್ತಿಗೂ ಕಪ್ಪಗಿದೆ). ಈಡಿ 37 ಪಾಯಿಂಟ್ ಹೊಡೆದ, ನಾವು 75-60ಕ್ಕೆ ಸೋತ್ವಿ. ಎದುರಾಳಿ ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) ತಂಡದವರು ಅವನು ಹೊಡೆದ್ರೆ ಹೊಡ್ಕೊಳ್ಲಿ ಅಂತ ಬಿಟ್ಟು, ನಮ್ಮ ಮೂರು ಪಾಯಿಂಟಿನ ಹುಡುಗರನ್ನ ಕಟ್ಟಿಹಾಕಿದ್ರು. ಇಡೀ ಪಂದ್ಯದಲ್ಲಿ ಮೂರು ಪಾಯಿಂಟಿಗೆ ಏಳೇ ಎಸೆತ, ಒಂದೇ ಒಳಗೆ. ಎಲ್ಲಾ ಭಾರ ಅವನ ಮೇಲೆ ಹಾಕಿದ್ದೇ ನಮ್ಮ ತಪ್ಪಿರಬೇಕು. ಮೆಂಫಿಸ್‌ನಲ್ಲಿ ಆ ಭಾರ ಇರಲ್ಲ.

ಆದ್ರೆ ಪಿಕ್ ಆ್ಯಂಡ್ ರೋಲ್ (ಜೊತೆಗಾರನ ಸ್ಕ್ರೀನ್ ಹಿಡ್ಕೊಂಡು ನುಗ್ಗೋ ಆಟ)? ಎದುರು ಗಾರ್ಡ್ ಸ್ಕ್ರೀನ್ ದಾಟಿ ಬಂದಾಗ ಈಡಿ ಹಿಂದೆ ನಿಂತ್ರೆ ಅಲ್ಲಿಂದಲೇ ಎಸೀತಾನೆ, ಮುಂದೆ ಹೋದ್ರೆ ಪಕ್ಕದಲ್ಲಿ ನುಗ್ತಾನೆ. ಅತ್ತ ದರಿ, ಇತ್ತ ಪುಲಿ.

ಸೆಂಟರ್ ಸರ್, ಬೆಟ್ ಕಟ್ತೀರಾ? ಮೊದಲ ವರ್ಷ ಆಲ್-ರೂಕಿ (ಹೊಸಬರಲ್ಲಿ ಶ್ರೇಷ್ಠರ) ತಂಡಕ್ಕೆ ಬಂದ್ರೆ ಬೆಣ್ಣೆ ದೋಸೆ ನಿಮ್ಮ ಲೆಕ್ಕ.

ಮಲ್ಲೇಶ್ವರದ ಸೆಂಟರ್

ಕಟ್ಟಿದೆ. ಬೆಂಗಳೂರಿನ "ದಾವಣಗೆರೆ ದೋಸೆ" ಬೋರ್ಡ್ ನಂಬಲ್ಲ, ನಿಮ್ಮೂರಲ್ಲೇ.

ಮಲ್ಲೇಶ್ವರದ ಸೆಂಟರ್ (ಜೂನ್ 2025)

ಹಳೇ ಚರ್ಚೆ ಮೇಲೆತ್ತಿದ್ದಕ್ಕೆ ಕ್ಷಮಿಸಿ. ಸೋತಿದ್ದೀನಿ. ಈಡಿದು ಪಂದ್ಯಕ್ಕೆ 9.2 ಪಾಯಿಂಟ್, 8.3 ರೀಬೌಂಡ್ (ತಪ್ಪಿದ ಚೆಂಡು ಬಾಚಿದ್ದು), ಆಲ್-ರೂಕಿ ಮೊದಲ ತಂಡ. ಇಷ್ಟೊಂದು ಚೆಂಡು ಬಾಚ್ತಾನೆ ಅಂದ್ಕೊಂಡಿರಲಿಲ್ಲ.

ಆದ್ರೆ ಅರ್ಧ ಮಾತ್ರ ಒಪ್ಕೋತೀನಿ. ಪಂದ್ಯಕ್ಕೆ ಹತ್ತಿರಹತ್ತಿರ 21 ನಿಮಿಷ ಅಷ್ಟೇ ಆಡಿಸಿದ್ದು, 48ರಲ್ಲಿ. ಪ್ಲೇಆಫ್‌ನಲ್ಲಿ ಒಕ್ಲಹೋಮದವರು ನಾಲ್ಕಕ್ಕೆ ನಾಲ್ಕೂ ಗೆದ್ದು ಮನೆಗೆ ಕಳಿಸಿದ್ರು. ನಿನ್ನ ಆ ದರಿ, ಪುಲಿ ಎರಡೂ ಅಲ್ಲೇ ಕೂತಿವೆ ತಮ್ಮಾ. ಈಗ ಪಾದದ ಕೀಲಿಗೆ ಆಪರೇಷನ್ ಬೇರೆ.

ಪರ್ಡ್ಯೂ ಪರದೇಶಿ

ಡಿಸೆಂಬರಲ್ಲಿ ಊರಿಗೆ ಬರ್ತಿದ್ದೀನಿ ಸರ್. ಅರ್ಧ ಸೋತಿದ್ರೂ ದೋಸೆ ಪೂರ್ತಿನೇ ಬೇಕು, ಖಾಲಿ ಅಲ್ಲ, ಬೆಣ್ಣೆ.