6/12 ಎಂದು ಅಳೆದವರಿಗೆ ಬೇರೆಡೆ 6/24 ಬರುತ್ತಿದೆ, ತಪ್ಪು ಎಲ್ಲಿದೆ?

ನೋಟಗಾರ: ನಾನು ದೃಷ್ಟಿ ಅಳೆಯುವ ಸ್ನೆಲೆನ್ ಅಕ್ಷರಫಲಕದಲ್ಲಿ 6/12 (ಸರಿಯಾದ ಕಣ್ಣು 12 ಮೀಟರಿನಿಂದ ಓದುವ ಸಾಲನ್ನು 6 ಮೀಟರಿನಿಂದ ಓದುವ ದೃಷ್ಟಿ) ಎಂದು ದಾಖಲಿಸಿದ ಮೂವರಿಗೂ ನೇತ್ರತಜ್ಞರು 6/24 ಎಂದು ಬರೆದುಕೊಟ್ಟಿದ್ದಾರೆ. ಚೆನ್ನಾಗಿ ಕಾಣುವ ಕಣ್ಣಿನ ಲೆಕ್ಕದಲ್ಲಿ, ನಾನು ವಿಶ್ವ ಆರೋಗ್ಯ ಸಂಸ್ಥೆಯ ಯಾವ ದೃಷ್ಟಿದೋಷ ವರ್ಗಕ್ಕೂ ಸೇರಿಸದೆ ಕಳುಹಿಸಿದವರು ಅಲ್ಲಿ ‘ಮಧ್ಯಮ’ ವರ್ಗಕ್ಕೆ ಸೇರಿದ್ದಾರೆ. ಫಲಕ ಹೊಸದು, ಅವರವರ ಕನ್ನಡಕ ಹಾಕಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಪರೀಕ್ಷಿಸಿದ್ದೇನೆ. ಎರಡು ವಾರದಿಂದ ತಲೆ ಕೆಟ್ಟುಹೋಗಿದೆ.

ದೀಪಧಾರಿ: ಇದು ಬೆಳಕಿನ ದೋಷವೇ. ನನ್ನ ಫಲಕಕ್ಕೆ ಹಿಂಬದಿಯಿಂದ ಸಮನಾಗಿ ಬೆಳಕು ಬೀಳುವ ಪೆಟ್ಟಿಗೆ ಮಾಡಿಸಿದ ಮೇಲೆ ಇಂಥ ತೊಂದರೆ ಒಮ್ಮೆಯೂ ಬಂದಿಲ್ಲ.

ಐದಕ್ಷರ: ಸ್ನೆಲೆನ್ ಬಿಟ್ಟು ಲಾಗ್‌ಮಾರ್ ಫಲಕ (ಸಾಲಿನಿಂದ ಸಾಲಿಗೆ ಅಕ್ಷರದ ಗಾತ್ರ ಒಂದೇ ಪ್ರಮಾಣದಲ್ಲಿ ಇಳಿಯುವ ಫಲಕ) ಬಳಸಿ. 1976ರಲ್ಲಿ ಬೈಲಿ ಮತ್ತು ಲವಿ ರೂಪಿಸಿದ ವಿನ್ಯಾಸದಲ್ಲಿ ಪ್ರತಿ ಸಾಲಿಗೂ ಐದು ಅಕ್ಷರಗಳಿರುವುದರಿಂದ, ಅಕ್ಷರವೊಂದಕ್ಕೆ 0.02 ಲಾಗ್‌ಮಾರ್‌ನಂತೆ ಸೂಕ್ಷ್ಮವಾಗಿ ಎಣಿಸಬಹುದು.

ನೋಟಗಾರ: ಫಲಕ ಬದಲಿಸುವ ಪ್ರಶ್ನೆಯನ್ನು ನಾನು ಕೇಳಿಲ್ಲ. ಬೆಳಕು ಕಡಿಮೆಯಿದ್ದರೆ ನನ್ನ ಫಲಿತಾಂಶ ಕೆಡಬೇಕಿತ್ತು, ಉತ್ತಮವಾಗಬಾರದಿತ್ತು.

ದೀಪಧಾರಿ: ಹಾಗಾದರೆ ಮಬ್ಬು ತಜ್ಞರ ಕೋಣೆಯಲ್ಲಿರಬೇಕು. ಎರಡೂ ಕಡೆಯ ಬೆಳಕನ್ನು ಅಳೆಯದೆ ಈ ಚರ್ಚೆಗೆ ಅರ್ಥವಿಲ್ಲ.

ಅಳತೆಪಟ್ಟಿ: ಮೂವರಿಗೂ ವ್ಯತ್ಯಾಸ ಸರಿಯಾಗಿ ಎರಡು ಪಟ್ಟು ಬಂದಿದೆ, ಬೆಳಕಿನ ದೋಷ ಇಷ್ಟು ಅಚ್ಚುಕಟ್ಟಾಗಿ ವರ್ತಿಸುವುದಿಲ್ಲ. ಎಲ್ಲಕ್ಕಿಂತ ಮೇಲಿನ 60ರ ಸಾಲಿನ ಅಕ್ಷರದ ಎತ್ತರವನ್ನೂ, ಕುರ್ಚಿಯಿಂದ ಫಲಕಕ್ಕಿರುವ ದೂರವನ್ನೂ ಅಳೆದು ತಿಳಿಸಿ.

ನೋಟಗಾರ: ಎತ್ತರ 87 ಮಿಲಿಮೀಟರ್. ದೂರ 3 ಮೀಟರ್; ಹಳೆಯ ಫಲಕದ ತಿರುವುಮುರುವು ಅಕ್ಷರಗಳನ್ನು ಎದುರು ಗೋಡೆಯ ಕನ್ನಡಿಯಲ್ಲಿ ಓದಿಸುವಾಗ ಅದು 6 ಆಗುತ್ತಿತ್ತು. ಹೊಸ ಫಲಕದಲ್ಲಿ ಅಕ್ಷರಗಳು ನೇರವಾಗಿಯೇ ಇರುವುದರಿಂದ ಕನ್ನಡಿಯನ್ನು ತೆಗೆಸಿ, ಫಲಕವನ್ನು ಕನ್ನಡಿಯಿದ್ದ ಜಾಗದಲ್ಲೇ ತೂಗುಹಾಕಿದೆ. ಇದನ್ನೂ ಹೇಳಬೇಕಿತ್ತೇ?

ಅಳತೆಪಟ್ಟಿ: ಇದೊಂದನ್ನೇ ಹೇಳಬೇಕಿತ್ತು. 87 ಮಿಲಿಮೀಟರ್ ಎಂದರೆ ಅದು 6 ಮೀಟರಿನ ಫಲಕ. ಮೇಲಿನ ಅಂಕಿ ಪರೀಕ್ಷೆ ನಡೆದ ದೂರವಾದ್ದರಿಂದ, 3 ಮೀಟರಿನಿಂದ 12ರ ಸಾಲನ್ನು ಓದಿದವರ ದೃಷ್ಟಿ 3/12, ಅಂದರೆ 6/24. ಕನ್ನಡಿ ತೆಗೆದ ದಿನದಿಂದ ಬರೆದ ಪ್ರತಿ ದಾಖಲೆಯನ್ನೂ ಇದೇ ರೀತಿ ತಿದ್ದಿ: 6/9 ಎಂದು ಬರೆದದ್ದು 6/18 ಆಗಿ ‘ಸೌಮ್ಯ’ ವರ್ಗಕ್ಕೂ, 6/60 ಎಂದು ಬರೆದದ್ದು 3/60 ಆಗಿ ‘ತೀವ್ರ’ ವರ್ಗಕ್ಕೂ ಹೋಗುತ್ತವೆ.

ಐದಕ್ಷರ: 4 ಮೀಟರಿನ ಲಾಗ್‌ಮಾರ್ ಫಲಕವಿದ್ದಿದ್ದರೆ ಕನ್ನಡಿಯ ಹಂಗೇ ಇರುತ್ತಿರಲಿಲ್ಲ.

ಅಳತೆಪಟ್ಟಿ: ಅದನ್ನು 3 ಮೀಟರಿನಲ್ಲಿ ತೂಗುಹಾಕಿದ್ದರೆ ಅದೂ ತಪ್ಪನ್ನೇ ಹೇಳುತ್ತಿತ್ತು.

ನೋಟಗಾರ: ಒಪ್ಪಿದೆ. ಮೇಲಿನ ದೊಡ್ಡ ಅಕ್ಷರವನ್ನೂ ಓದಲಾಗದ ಇಬ್ಬರನ್ನು 6/60ಕ್ಕಿಂತ ಕಡಿಮೆ ಎಂದು ‘ತೀವ್ರ’ ವರ್ಗದಲ್ಲಿ ಬರೆದಿದ್ದೆ. ಅವರು?

ಅಳತೆಪಟ್ಟಿ: ಅವರಿಗೆ 3/60 ಕೂಡ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದು ಅಂಧತ್ವ. ಇಬ್ಬರನ್ನೂ ಮತ್ತೆ ಕರೆಸಿ, ಫಲಕದಿಂದ 1 ಮೀಟರಿನಲ್ಲಿ ಕೂರಿಸಿ 1/60 ಬರುತ್ತದೆಯೇ ನೋಡಿ; ಬಾರದಿದ್ದರೆ ಕೈಯಾಡಿಸಿದ್ದು ಕಾಣುತ್ತದೆಯೇ, ಬೆಳಕಾದರೂ ತಿಳಿಯುತ್ತದೆಯೇ ಎಂದು ಪರೀಕ್ಷಿಸಿ, ತಡಮಾಡದೆ ತಜ್ಞರಿಗೆ ತೋರಿಸಿ.

ದೀಪಧಾರಿ: ಆ ಪರೀಕ್ಷೆಗಾದರೂ ಕೋಣೆಯ ಬೆಳಕೆಷ್ಟು ಎಂದು ಮೊದಲು ತಿಳಿಸಿ.